ಸಿಳ್ಳೆಯಕ್ಕನ ಕಚ್ಚುಹಲ್ಲು

ಸಿಳ್ಳೆಯಕ್ಕ ಹಲ್ಲುಜ್ಜಲು ನಿಂತರೆ ಅಕ್ಕಪಕ್ಕದ ಮನೆಗಳಿಗೂ ಬೆಳಗಾಗುತ್ತಿತ್ತು. ಕಲ್ಲಿನ ಮೇಲೆ ಬಟ್ಟೆ ತಿಕ್ಕುವ ಹಾಗೆ ಗಸಗಸ ಸದ್ದು, ನಡುನಡುವೆ ಗಂಟಲಿನ ತಳದಿಂದ ಕ್ಯಾಕರಿಸಿ ಉಗಿಯುವ ಸದ್ದು, ಕೊನೆಗೆ ಬಾಯೊಳಗೆ ನೀರನ್ನು ಗಳಗಳ ಆಡಿಸುವ ಸದ್ದು. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಜ್ವರ ಬಂದ ದಿನವೂ ತಪ್ಪಿಸಲಿಲ್ಲ, ಗಂಡ ಸತ್ತ ದಿನವೂ ತಪ್ಪಿಸಲಿಲ್ಲ. ಗಿರಣಿಯ ಮುಷ್ಕರದಲ್ಲಿ ಪೊಲೀಸರು ಹಿಡಿದುಕೊಂಡು ಹೋಗಿ ಠಾಣೆಯ ಬೆಂಚಿನ ಮೇಲೆ ಕೂರಿಸಿದ ದಿನ ಬ್ರಶ್ ಇರಲಿಲ್ಲ. ಬೆರಳಿನಲ್ಲೇ ಉಜ್ಜಿ, ಕಾವಲಿನವನ ಬೂಟಿನ ಪಕ್ಕಕ್ಕೇ ಉಗಿದಿದ್ದಳು.

ಇಷ್ಟು ಮಾಡಿದರೂ ಅವಳ ಬಾಯಿ ತುಂಬ ಹುಳುಕು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಉಜ್ಜಿದ್ದೆಲ್ಲ ಎಲ್ಲಿ ಹೋಯಿತೋ! ಎಡಗಡೆಯ ದವಡೆ ಹಲ್ಲುಗಳು ಒಂದಾದ ಮೇಲೊಂದು ಕೆಟ್ಟು, ಕೀಳಿಸಿಕೊಂಡು ಹೋಗಿದ್ದವು. ಬಲಗಡೆಯವು ಹಳೇ ಕೋಟೆಯ ಹಾಗೆ ಗಟ್ಟಿಯಾಗಿ ನಿಂತಿದ್ದವು. ಒಂದೇ ಬಾಯಿ, ಒಂದೇ ಬ್ರಶ್ಶು. ಈ ಪಂಕ್ತಿಭೇದ ಯಾಕೆಂದು ಅವಳಿಗೂ ತಿಳಿದಿರಲಿಲ್ಲ, ಹಲ್ಲಿನ ಡಾಕ್ಟರಮ್ಮನಿಗೂ ತಿಳಿದಿರಲಿಲ್ಲ.

ಅವಳ ಹೊಟ್ಟೆ ಉರಿಸುತ್ತಿದ್ದದ್ದು ಮಗಳ ಬಾಯಿ. ಮಗಳು ಸಿಟಿ ಬಸ್ಸಿನ ಕಂಡಕ್ಟರ್. ಬೆಳಗಿನ ಪಾಳಿಗೆ ಓಡುವ ಗಡಿಬಿಡಿಯಲ್ಲಿ ಅವಳು ಹಲ್ಲುಜ್ಜುವುದು ಬರೀ ಶಾಸ್ತ್ರಕ್ಕೆ.

"ಹಲ್ಲಿಗೆ ಬ್ರಶ್ ತೋರಿಸಿ ವಾಪಸ್ ಇಡ್ತೀಯಲ್ಲೇ, ಅದಕ್ಕೆ ಉಜ್ಜೋದು ಅಂತಾರಾ?"

"ನೀನು ಉಜ್ಜಿ ಉಜ್ಜಿ ಎಷ್ಟು ಉಳಿಸ್ಕೊಂಡಿದ್ದೀಯ ಹೇಳಮ್ಮ," ಎಂದು ಮಗಳು ಮೂವತ್ತೆರಡನ್ನೂ ತೋರಿಸಿ ನಗುತ್ತಿದ್ದಳು. ಒಂದರಲ್ಲೂ ಕಪ್ಪು ಚುಕ್ಕೆ ಇಲ್ಲ. ಲೋಕದಲ್ಲಿ ನ್ಯಾಯ ಇಲ್ಲ ಎಂದು ಸಿಳ್ಳೆಯಕ್ಕನಿಗೆ ಮೊದಲೇ ಗೊತ್ತಿತ್ತು. ಸ್ವಂತ ಮಗಳ ಬಾಯಲ್ಲೂ ಇಲ್ಲ ಎಂಬುದಷ್ಟೇ ಹೊಸದು.

ಹೋದ ಹಲ್ಲುಗಳಿಗೆ ಅವಳು ಅತ್ತವಳಲ್ಲ. ಆದರೆ ಮುಂದಿನ ಒಂದು ಹಲ್ಲಿನ ಮೇಲೆ ಜೀವ ಇಟ್ಟುಕೊಂಡಿದ್ದಳು. ಮೇಲಿನ ಸಾಲಿನ ನಟ್ಟನಡುವಿನ ಎರಡರಲ್ಲಿ ಎಡಗಡೆಯದು. ಅದರ ತುದಿಯಲ್ಲಿ ಚಿಕ್ಕದೊಂದು ಕಚ್ಚು. ನೋಡಿದವರು ಮುರಿದಿದೆ ಅಂದುಕೊಳ್ಳುತ್ತಿದ್ದರು. ಅದು ಮುರಿದದ್ದಲ್ಲ, ಸವೆದದ್ದು. ನೂಲು ಸವೆಸಿದ್ದು.

ಅವಳು ಗಿರಣಿಯಲ್ಲಿ ನೂಲು ಸುತ್ತುವ ವಿಭಾಗದವಳು. ಸಾಲಾಗಿ ಯಂತ್ರ, ಯಂತ್ರದ ಈಚೆಗೊಬ್ಬಳು, ಆಚೆಗೊಬ್ಬಳು, ಎದುರುಬದುರು. ಓಡುವ ನೂಲು ತುಂಡಾದರೆ ಎರಡು ತುದಿ ಹಿಡಿದು ಗಂಟು ಹಾಕಬೇಕು, ಗಂಟಿನ ಬಾಲವನ್ನು ಕಡಿಯಬೇಕು. ಕತ್ತರಿಗೆ ಕೈ ಹಾಕುತ್ತ ಕೂತರೆ ಅಷ್ಟರಲ್ಲಿ ಇನ್ನೆರಡು ತುಂಡಾಗಿರುತ್ತವೆ. ಹಾಗಾಗಿ ಎಲ್ಲರೂ ಹಲ್ಲಿನಲ್ಲೇ ಕಡಿಯುತ್ತಿದ್ದರು. ವರ್ಷಗಟ್ಟಲೆ ಅದೇ ಹಲ್ಲು, ಅದೇ ಜಾಗ. ಹಗ್ಗ ಉಜ್ಜಿ ಬಾವಿಯ ಕಲ್ಲೇ ಸವೆಯುತ್ತದೆ, ಹಲ್ಲಿನ ಪಾಡೇನು!

ಆ ಕಚ್ಚಿನೊಳಗಿಂದ ಗಾಳಿ ಬಿಟ್ಟರೆ ಹೊರಡುತ್ತಿದ್ದ ಸಿಳ್ಳೆಗೆ ಇಡೀ ಗಿರಣಿಯಲ್ಲಿ ಸಾಟಿ ಇರಲಿಲ್ಲ. ಯಂತ್ರಗಳ ಗದ್ದಲದಲ್ಲಿ ಪಕ್ಕದವಳು ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳುತ್ತಿರಲಿಲ್ಲ, ಇವಳ ಸಿಳ್ಳೆ ಮಾತ್ರ ಮೂಲೆಯಿಂದ ಮೂಲೆಗೆ ಸೀಳಿಕೊಂಡು ಹೋಗುತ್ತಿತ್ತು. ಒಂದು ಸಿಳ್ಳೆ ಅಂದರೆ ಮೇಸ್ತ್ರಿ ಬರುತ್ತಿದ್ದಾನೆ. ಎರಡು ಅಂದರೆ ಯಾರದೋ ಕೈ ಯಂತ್ರಕ್ಕೆ ಸಿಕ್ಕಿಕೊಂಡಿದೆ, ಓಡಿಬನ್ನಿ. ಉಸಿರು ಮುಗಿಯುವ ತನಕ ಒಂದೇ ಉದ್ದನೆಯ ಸಿಳ್ಳೆ ಅಂದರೆ ಯಂತ್ರ ನಿಲ್ಲಿಸಿ, ಹೊರಗೆ ನಡೆಯಿರಿ. ಆ ಉದ್ದನೆಯದನ್ನು ಅವಳು ಮೊದಲ ಸಲ ಊದಿದ್ದು ನೀರಿಗಾಗಿ.

ಕುಡಿಯುವ ನೀರು ಇದ್ದದ್ದು ಅಂಗಳದಾಚೆ, ಆಫೀಸಿನ ಜಗಲಿಯ ಮೇಲೆ. ಯಂತ್ರ ಬಿಟ್ಟು ಅಲ್ಲಿಗೆ ಹೋದವಳಿಗೆ ಸಂಬಳದಲ್ಲಿ ಕಡಿತ. ಹತ್ತಿಯ ನವಿರು ಗಾಳಿಯ ತುಂಬ ಹಾರಾಡಿ ಮೂಗು, ಗಂಟಲು ಹೊಕ್ಕು ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ನೀರಿಗೆ ಬಿಡದ ಗಿರಣಿಯವರು ಗೇಟಿನ ಪಕ್ಕದಲ್ಲಿ ಪೆಪ್ಪರ್‌ಮಿಂಟಿನ ಅಂಗಡಿಗೆ ಮಾತ್ರ ಜಾಗ ಕೊಟ್ಟಿದ್ದರು. ಎಲ್ಲರ ಕೆನ್ನೆಯಲ್ಲೂ ಒಂದೊಂದು ಪೆಪ್ಪರ್‌ಮಿಂಟ್. ಕೆನ್ನೆಯಲ್ಲಿ ಅದಿದ್ದರೆ ಉಗುಳು ಊರುತ್ತದೆ, ಉಗುಳಿದ್ದರೆ ಪಾಳಿ ಕಳೆಯುತ್ತದೆ.

ಅದಕ್ಕೊಂದು ರಿವಾಜೂ ಬೆಳೆದಿತ್ತು. ನಿಮ್ಮ ಮಿಠಾಯಿ ನೀವೇ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಕಾಗದ ಬಿಚ್ಚಿ ಯಂತ್ರದ ಮೇಲಿಂದ ಎದುರಿನವಳಿಗೆ ಎಸೆಯಬೇಕು, ಅವಳು ತನ್ನದನ್ನು ನಿಮಗೆ ಎಸೆಯುತ್ತಾಳೆ. ಮಾತು ಕೇಳದ ಜಾಗದಲ್ಲಿ ಅದೇ ನಮಸ್ಕಾರ, ಅದೇ ಊಟ ಆಯ್ತಾ, ಅದೇ ನಿನ್ನೆಯ ಜಗಳ ಮರೆತೆ ಕಣೇ. ಸಿಳ್ಳೆಯಕ್ಕನ ಎದುರಿನವಳಿಗೆ ಕುಳ್ಳಿ ಅಂತ ಹೆಸರು. ಯಂತ್ರದ ಮೇಲೆ ಅವಳ ತಲೆ ಕಾಣುತ್ತಿರಲಿಲ್ಲ, ಮಿಠಾಯಿ ಹಿಡಿದ ಕೈ ಮಾತ್ರ ಕಾಣುತ್ತಿತ್ತು. ಮತ್ತೆ, ಸಿಕ್ಕ ಮಿಠಾಯಿಯನ್ನು ಕಡಿಯಬಾರದು. ಕಡಿದವಳು ದುರಾಸೆಯವಳು, ಗಂಟೆಯೊಳಗೆ ಇನ್ನೊಂದಕ್ಕೆ ಕೈ ಚಾಚುತ್ತಾಳೆ. ಕೆನ್ನೆಯಲ್ಲಿಟ್ಟು ಕಾಯಬೇಕು, ಕರಗಲು ಬಿಡಬೇಕು.

ನೀರಿನ ಮುಷ್ಕರ ಗೆದ್ದಿತು. ವಿಭಾಗದೊಳಗೇ, ಗೋಡೆಗೆ, ಹಿತ್ತಾಳೆಯ ನಲ್ಲಿ ಬಂತು. ಹೊಸ ನಲ್ಲಿಯ ನೀರನ್ನು ಹೆಂಗಸರು ತಲೆಯ ಮೇಲೂ ಸುರಿದುಕೊಂಡರು. ಆದರೆ ಕೆನ್ನೆಯ ಮಿಠಾಯಿಯನ್ನು ಒಬ್ಬಳೂ ಬಿಡಲಿಲ್ಲ. ಅಷ್ಟು ಹೊತ್ತಿಗೆ ಅದು ಬಾಯಾರಿಕೆಯ ಮದ್ದಾಗಿ ಉಳಿದಿರಲಿಲ್ಲ, ಗೆಳೆತನವಾಗಿಬಿಟ್ಟಿತ್ತು.

ಗಿರಣಿ ಮುಚ್ಚಿ ಬಹಳ ಕಾಲವಾಯಿತು. ಕುಳ್ಳಿ ಮಗನ ಜೊತೆ ಪಟ್ಟಣದ ಆಚೆ ತುದಿಗೆ ಹೋದಳು. ಎಸೆಯುವವರು ಯಾರೂ ಇಲ್ಲದೆ ಸಿಳ್ಳೆಯಕ್ಕ ತನ್ನ ಮಿಠಾಯಿಯನ್ನು ತಾನೇ ಹಾಕಿಕೊಳ್ಳತೊಡಗಿದಳು. ಕಸ ಗುಡಿಸುವಾಗ ಒಂದು, ಬಟ್ಟೆ ಮಡಿಸುವಾಗ ಒಂದು, ಕಿಟಕಿಯಲ್ಲಿ ಕೂತು ಮಗಳ ಬಸ್ಸು ಹಾದುಹೋಗುವುದನ್ನು ಕಾಯುವಾಗ ಒಂದು. ಅದರ ತಂಪು ಗಂಟಲಿಗೆ ಇಳಿದರೆ ಕಿವಿಯಲ್ಲಿ ಯಂತ್ರಗಳು ತಿರುಗುತ್ತಿದ್ದವು, ಕಣ್ಣ ಮುಂದೆ ಕುಳ್ಳಿಯ ಕೈ ಏಳುತ್ತಿತ್ತು.

ಹೀಗಿರುವಾಗ ಒಂದು ದಿನ ಗಿರಣಿ ಕಾರ್ಮಿಕರ ಸಂಘದ ಹಳೆಯ ಕಾರ್ಯದರ್ಶಿ ಕೋಲೂರಿಕೊಂಡು ಬಂದ. ಗಿರಣಿಯ ಗದ್ದಲ ತಿಂದುಹಾಕಿದ ಕಿವಿ ಅವನದು. ತನಗೆ ಕೇಳದ್ದು ಊರಿಗೂ ಕೇಳುವುದಿಲ್ಲವೆಂದು ಕೂಗಿಯೇ ಮಾತಾಡುತ್ತಿದ್ದ.

"ಗಿರಣಿ ಕೆಡವ್ತಾರಂತೆ ಕಣವ್ವ! ಅದಕ್ಕೆ ಮುಂಚೆ ಒಂದು ಭಾನುವಾರ ಎಲ್ಲರೂ ಗೇಟಿನ ಹತ್ರ ಸೇರೋಣ ಅಂತ! ನೀನೇ ಶುರು ಮಾಡ್ಬೇಕು!"

"ನಾನ್ಯಾಕಣ್ಣ? ಮೈಕ್ ಇಡ್ಸು."

"ಏನು? ಮೈಕಾ? ಮೈಕಿನ ಮಾತು ನಮ್ಮಲ್ಲಿ ಯಾವ ಮುದುಕನಿಗೆ ತಿಳಿಯುತ್ತೆ? ಎಲ್ಲ ಗೊಜಗೊಜ! ನಿನ್ನ ಸಿಳ್ಳೆ ಆದ್ರೆ ಈ ಕಿವಿಗೂ ಬೀಳುತ್ತೆ. ಆವತ್ತು ಹೊರಗೆ ಕರೆದೋಳು ನೀನು, ಈಗ ಒಳಗೆ ಕರೆಯೋಳೂ ನೀನೇ!"

ಅವನು ಹೋದ ಮೇಲೆ ಸಿಳ್ಳೆಯಕ್ಕ ಕನ್ನಡಿಯ ಮುಂದೆ ತುಟಿ ಎತ್ತಿ ನೋಡಿಕೊಂಡಳು. ಕಚ್ಚುಹಲ್ಲಿಗೂ ಪಕ್ಕದ್ದಕ್ಕೂ ನಡುವೆ ಕಂದು ಬಣ್ಣದ ಗೆರೆ. ತಣ್ಣೀರು ತಾಕಿದರೆ ಜುಂ ಅನ್ನುತ್ತಿತ್ತು. ಅವಳು ಮಾಡಿದ ಮೊದಲ ಕೆಲಸ ಬ್ರಶ್ ತೆಗೆದುಕೊಂಡು ಇನ್ನೂ ಜೋರಾಗಿ ಉಜ್ಜಿದ್ದು. ವಸಡಿನಿಂದ ರಕ್ತ ಬಂತು, ಗೆರೆ ಹೋಗಲಿಲ್ಲ.

ಹಲ್ಲಿನ ಡಾಕ್ಟರಮ್ಮ ಎರಡು ಬೀದಿಯಾಚೆ, ಮೆಟ್ಟಿಲು ಹತ್ತಿ ಹೋಗುವ ಕೋಣೆಯಲ್ಲಿ ಕೂರುತ್ತಿದ್ದಳು. ಮಗಳ ವಯಸ್ಸಿನವಳು, ಬೈದರೂ ನಗುನಗುತ್ತಲೇ ಬೈಯುವವಳು. ದೀಪ ಬಗ್ಗಿಸಿ ನೋಡಿದವಳ ಮುಖ ಸಣ್ಣದಾಯಿತು.

"ಅಮ್ಮಾ, ಎರಡು ಹಲ್ಲಿನ ಸಂದಿಯಲ್ಲಿ ಹುಳುಕು ಒಳಗೆ ಹೋಗಿದೆ. ಬೇರಿಗೆ ಇನ್ನೂ ಮುಟ್ಟಿಲ್ಲ. ಈಗ ತಾತ್ಕಾಲಿಕವಾಗಿ ತುಂಬಿಸ್ತೀನಿ. ಆದ್ರೆ ಕೆಡ್ತಾ ಇರೋದು ಯಾಕೆ ಅಂತ ಗೊತ್ತಾಗದೆ ಇದ್ರೆ, ನಾನು ಎಷ್ಟು ತುಂಬಿದ್ರೂ ಅದರ ಪಕ್ಕದಲ್ಲೇ ಕೆಡುತ್ತೆ. ಆಮೇಲೆ ಕೀಳ್ಬೇಕಾಗುತ್ತೆ."

"ಕೀಳೋ ಮಾತು ಆಡ್ಬೇಡಿ. ಅದು ನನ್ನ ಹಲ್ಲಲ್ಲ, ಸಂಘದ್ದು."

"ಸಿಹಿ ತಿಂತೀರಾ?"

"ಮುಟ್ಟಲ್ಲ."

"ಕಾಫಿ, ಟೀಗೆ ಸಕ್ಕರೆ?"

"ಹಾಕಲ್ಲ. ಬೇಕಾದ್ರೆ ಮಗಳನ್ನ ಕೇಳಿ."

ಸುಳ್ಳಾಡಿದ್ದಲ್ಲ. ಅವಳು ಹೇಳಿದ್ದು ಅಕ್ಷರಶಃ ಅವಳು ನಂಬಿದ್ದು. ಡಾಕ್ಟರಮ್ಮನೂ ನಂಬಿದಳು, ಯಾಕೆಂದರೆ ಸಿಳ್ಳೆಯಕ್ಕ ಬಂದಾಗಲೆಲ್ಲ ಬಾಯಿಂದ ಪೆಪ್ಪರ್‌ಮಿಂಟಿನ ಘಮ ಬರುತ್ತಿತ್ತು. ಪಾಪ, ಈಗಷ್ಟೇ ಪೇಸ್ಟ್ ಹಾಕಿ ಉಜ್ಜಿಕೊಂಡು ಬಂದಿದ್ದಾಳೆ, ಇಷ್ಟು ಶಿಸ್ತಿನ ರೋಗಿ ಇನ್ನೊಬ್ಬರಿಲ್ಲ ಎಂದು ಅವಳ ಲೆಕ್ಕ.

ಗುಟ್ಟು ರಟ್ಟಾದದ್ದು ಮುಂದಿನ ಸಲ. ಸಿಳ್ಳೆಯಕ್ಕ ಒಳಗೆ ಹೋಗುವ ಮುಂಚೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ, ಬಾಯಲ್ಲಿದ್ದದ್ದನ್ನು ತೆಗೆದು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು. ದೊಡ್ಡವರೆದುರು ಬಾಯಲ್ಲಿ ಏನಾದರೂ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ. ಆದರೆ ಆ ದಿನ ಡಾಕ್ಟರಮ್ಮ ಇನ್ನೊಬ್ಬ ರೋಗಿಯನ್ನು ಬೀಳ್ಕೊಡಲು ತಾನೇ ಹೊರಗೆ ಬಂದಳು. ನೋಡಿದರೆ ಸಿಳ್ಳೆಯಕ್ಕನ ಮೇಲ್ದುಟಿ ಗೋಲಿಯಷ್ಟು ದಪ್ಪ ಉಬ್ಬಿದೆ, ಸರಿಯಾಗಿ ಕಚ್ಚುಹಲ್ಲಿನ ಮೇಲೆ.

"ಅಯ್ಯೋ ದೇವರೇ, ಬಾವು! ಬನ್ನಿ ಒಳಗೆ, ಬೇಗ ಬನ್ನಿ!"

ಸಿಳ್ಳೆಯಕ್ಕನಿಗೆ ಬಾಯಿ ಬಿಡಲು ಪುರುಸೊತ್ತೇ ಸಿಗಲಿಲ್ಲ. ಬಿಟ್ಟರೆ ಬಣ್ಣಗೇಡು. ಎಳೆದು ಕುರ್ಚಿಗೆ ಹಾಕಿ, ದೀಪ ಹಚ್ಚಿ, ಕೈಗವಸಿನ ಬೆರಳು ತುಟಿಯ ಒಳಗೆ ಹೋದದ್ದೇ ತಡ, ಅರ್ಧ ಕರಗಿದ ಪೆಪ್ಪರ್‌ಮಿಂಟು ಜಾರಿ ಸ್ಟೀಲ್ ತಟ್ಟೆಗೆ ಟಣ್ ಎಂದು ಬಿತ್ತು. ಇಬ್ಬರೂ ಅದನ್ನೇ ನೋಡಿದರು.

"ಸಿಹಿ ಮುಟ್ಟಲ್ಲ ಅಂದ್ರಿ!"

"ಹೂಂ, ಮುಟ್ಟಲ್ಲ."

"ಮತ್ತೆ ಇದೇನು?"

"ಇದು ತಿನ್ನೋದಲ್ಲ ಡಾಕ್ಟರಮ್ಮ. ಇದು ಇಟ್ಕೊಳ್ಳೋದು."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಸಿಳ್ಳೆಯಕ್ಕನಿಗೆ ಸಿಟ್ಟು ಬಂತು. ತಿನ್ನುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. ಗಿರಣಿಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತಿತ್ತು. ಸೂಜಿ ಬಾಯಲ್ಲಿಟ್ಟುಕೊಂಡ ದರ್ಜಿಯನ್ನು ಸೂಜಿ ತಿನ್ನುತ್ತೀಯಾ ಅಂತ ಕೇಳುತ್ತಾರೆಯೇ? ಅವಳು ಹತ್ತಿಯ ಧೂಳಿನಿಂದ ಹಿಡಿದು ಕುಳ್ಳಿಯ ಕೈಯ ತನಕ ಎಲ್ಲ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಡಾಕ್ಟರಮ್ಮನ ನಗು ನಿಂತಿತು.

"ಯಾವ ಕೆನ್ನೆಯಲ್ಲಿ ಇಟ್ಕೋತಿದ್ರಿ?"

"ಎಡಕ್ಕೆ. ಬಲಗಡೆ ಓಣಿ, ಮೇಸ್ತ್ರಿ ಅಲ್ಲೇ ಓಡಾಡ್ತಿದ್ದ. ಉಬ್ಬಿದ ಕೆನ್ನೆ ಕಂಡ್ರೆ ಬೈತಿದ್ದ."

"ಎಡಗಡೆ ಹಲ್ಲೆಲ್ಲ ಹೋದ ಮೇಲೆ?"

"ಅಲ್ಲಿ ನಿಲ್ಲಲ್ಲ, ಜಾರುತ್ತೆ. ಅದಕ್ಕೇ ಈಗ ಮುಂದೆ, ತುಟಿ ಒಳಗೆ..."

 ಸಿಳ್ಳೆಯಕ್ಕ ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡಳು.

"ನಾನು ದಿನಕ್ಕೆರಡು ಸಲ ಉಜ್ತೀನಲ್ಲಮ್ಮ," ಎಂದಳು, ದನಿ ತಗ್ಗಿತ್ತು. "ಅದೆಲ್ಲ ಎಲ್ಲಿ ಹೋಯ್ತು?"

"ಉಜ್ಜೋದು ಒಳ್ಳೇದೇ ಅಮ್ಮ, ಉಜ್ಜದೆ ಇದ್ದಿದ್ರೆ ಬಲಗಡೇದೂ ಇರ್ತಿರ್ಲಿಲ್ಲ. ಆದ್ರೆ ನೀವು ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೀರಿ. ನಮ್ಮ ಬಾಯಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿರುತ್ವೆ, ಎಷ್ಟು ಉಜ್ಜಿದ್ರೂ ಪೂರ್ತಿ ಹೋಗಲ್ಲ. ಸಕ್ಕರೆ ಸಿಕ್ಕಿದ ತಕ್ಷಣ ಅವು ಹುಳಿ ಬಿಡುತ್ವೆ. ಆ ಹುಳಿ ಹಲ್ಲನ್ನ ಕರಗಿಸುತ್ತೆ. ತಿಂದು ನುಂಗಿಬಿಟ್ರೆ, ಸ್ವಲ್ಪ ಹೊತ್ತಲ್ಲಿ ಉಗುಳು ಬಂದು ಹುಳಿ ತೊಳೆದು, ಕರಗಿದ್ದನ್ನ ಅಷ್ಟಿಷ್ಟು ರಿಪೇರಿನೂ ಮಾಡುತ್ತೆ. ನೀವು ದಿನವಿಡೀ ಒಂದಾದ ಮೇಲೊಂದು ಇಟ್ಕೊಂಡ್ರೆ ಉಗುಳು ಯಾವಾಗ ರಿಪೇರಿ ಮಾಡ್ಬೇಕು? ಎರಡು ಸಲ ಉಜ್ಜಿದ್ದು ಅದಕ್ಕೆ ಯಾವ ಲೆಕ್ಕ? ಸಾಲದ್ದಕ್ಕೆ ಬ್ರಶ್ಶಿನ ಎಳೆ ಹಲ್ಲಿನ ಸಂದಿಗೆ ಹೋಗೋದೇ ಇಲ್ಲ. ಜೋರಾಗಿ ಉಜ್ಜಿದ್ರೆ ವಸಡು ಸವೆಯುತ್ತೆ ಅಷ್ಟೆ."

ಸಿಳ್ಳೆಯಕ್ಕ ತಟ್ಟೆಯಲ್ಲಿದ್ದ ಪೆಪ್ಪರ್‌ಮಿಂಟನ್ನು ಬೆರಳಿನಿಂದ ಆಚೆ ಸರಿಸಿದಳು. ಆಮೇಲೆ ಕೇಳಿದಳು: "ಅಂದ್ರೆ, ಹಲ್ಲಿಗೆ ವಿರಾಮ ಇರ್ಲಿಲ್ಲ ಅನ್ನಿ."

"ಅಷ್ಟೇ."

"ಊಟದ ವಿರಾಮ ಬೇಕು, ನೀರಿನ ವಿರಾಮ ಬೇಕು ಅಂತ ಗೇಟಲ್ಲಿ ಕೂಗಿದೋಳು ನಾನು. ನನ್ನ ಬಾಯಲ್ಲೇ ಎಲ್ಲ ಪಾಳಿನೂ ಓಡಿಸ್ಬಿಟ್ಟೆ. ಆ ಮೇಸ್ತ್ರಿಗಿಂತ ಕಡೆಯಾದೆ."

ಡಾಕ್ಟರಮ್ಮ ಹಲ್ಲಿನ ಸಂದಿಗೆ ಎಳೆಯುವ ತೆಳ್ಳನೆಯ ದಾರದ ಸುರುಳಿ ಕೈಗಿಟ್ಟಾಗ ಮಾತ್ರ ಅವಳಿಗೆ ನಗು ಬಂತು. ಆಯುಷ್ಯವಿಡೀ ಹಲ್ಲಿನಲ್ಲಿ ನೂಲು ಕಡಿದವಳಿಗೆ, ನೂಲನ್ನು ಹಲ್ಲಿನ ನಡುವೆ ಎಳೆಯಬೇಕು ಎಂದು ಯಾರೂ ಹೇಳಿರಲಿಲ್ಲ.

ಮಿಠಾಯಿ ಬಿಡು, ಬಾಯಿ ಒಣಗಿದರೆ ನೀರು ಗುಟುಕರಿಸು ಎಂದು ಡಾಕ್ಟರಮ್ಮ ಹೇಳಿದ್ದಳು. ತೀರ ಆಸೆಯಾದರೆ ಊಟದ ಜೊತೆ ಒಂದನ್ನು ಕಡಿದು ನುಂಗಿ ಬಾಯಿ ಮುಕ್ಕಳಿಸು, ಇಟ್ಟುಕೊಳ್ಳಬೇಡ ಎಂದಿದ್ದಳು. ಹೇಳುವುದು ಸುಲಭ. ಖಾಲಿ ಕೆನ್ನೆಯಲ್ಲಿ ಸಿಳ್ಳೆಯಕ್ಕನಿಗೆ ಮನೆ ದೊಡ್ಡದಾಗಿ ಕಂಡಿತು. ಕಸ ಗುಡಿಸಿದರೆ ಬರೀ ಕಸ, ಬಟ್ಟೆ ಮಡಿಸಿದರೆ ಬರೀ ಬಟ್ಟೆ. ಯಂತ್ರದ ಸದ್ದಿಲ್ಲ, ಎದುರಿನ ಕೈಯಿಲ್ಲ. ಗಿರಣಿಯನ್ನು ಅವರು ಇನ್ನೂ ಕೆಡವಿರಲಿಲ್ಲ, ತಾನೇ ಮೊದಲು ಕೆಡವಿದೆ ಅನ್ನಿಸಿತು. ಮೈಮೇಲೆ ಏನೋ ಬಂದವಳ ಹಾಗೆ ಸಿಡುಕುತ್ತಿದ್ದಳು. ಮಗಳು ಬೈಗುಳ ತಿಂದು ತಿಂದು, "ನಂಗೆ ಯಾಕೆ ಹುಳುಕಿಲ್ಲ ಗೊತ್ತಾಯ್ತಲ್ಲ? ಟಿಕೆಟ್ ಟಿಕೆಟ್ ಅಂತ ಕೂಗೋಳು ಬಾಯಲ್ಲಿ ಏನಿಟ್ಕೊಳ್ಲಿ?" ಎಂದಳು.

"ನಿಂಗೂ ಉಜ್ಜೋಕೆ ಹೇಳಿದಾರೆ. ವಯಸ್ಸಿದೆ ಅಂತ ಕುಣೀಬೇಡ."

ಹುಳುಕು ಅಲ್ಲಿಗೇ ನಿಂತಿತು. ಭಾನುವಾರಕ್ಕೆ ಮುಂಚೆ ಡಾಕ್ಟರಮ್ಮ ಹಲ್ಲನ್ನು ಗಟ್ಟಿಯಾಗಿ ತುಂಬಿದಳು. ತುದಿಯ ಕಚ್ಚನ್ನೂ ತುಂಬಿ ಚೆಂದ ಮಾಡುತ್ತೇನೆ ಎಂದಾಗ ಸಿಳ್ಳೆಯಕ್ಕ ಕುರ್ಚಿಯಿಂದಲೇ ಅರ್ಧ ಎದ್ದಳು. "ಕೈ ಹಚ್ಚೀರಿ ಜೋಕೆ! ಚೆಂದ ಮಾಡೋ ಕಾಲ ಹೋಯ್ತು. ಕಚ್ಚು ಹಾಗೇ ಇರ್ಲಿ."

ಮನೆಗೆ ಬಂದು ನಾಲಿಗೆ ಮಡಚಿ ಊದಿದಳು. ಫುಸ್ ಎಂದು ಬರೀ ಗಾಳಿ. ಮತ್ತೆ ಊದಿದಳು. ಗಾಳಿ. ಶನಿವಾರವಿಡೀ ಊದಿದಳು, ತುಟಿ ಒಣಗಿತು, ಬಾಯಿ ಒಣಗಿತು, ಗಾಳಿಯೇ ಬಂತು. ಮಗಳು ಕೆಲಸದ ಸೀಟಿಯನ್ನು ತಂದು ಮುಂದೆ ಹಿಡಿದಳು. "ಇದನ್ನ ತಗೊಂಡು ಹೋಗಮ್ಮ. ಜೋರಾಗಿದೆ."

"ನಾನೇನು ಬಸ್ ನಿಲ್ಸೋಕೆ ಹೋಗ್ತಿದ್ದೀನಾ?"

ಮಗಳು ಸೀಟಿಯನ್ನು ಜೇಬಿಗೆ ಹಾಕಿಕೊಂಡು, ಅಮ್ಮನ ಚೀಲದೊಳಗೆ ನೀರಿನ ಬಾಟಲಿ ತುರುಕಿದಳು. "ಇದನ್ನಾದ್ರೂ ತಗೊಂಡು ಹೋಗು. ಡಾಕ್ಟರಮ್ಮ ಹೇಳಿದ್ರೂ ಒಂದು ಗುಟುಕೂ ಕುಡ್ದಿಲ್ಲ ನೀನು."

ಗೇಟಿನ ಬಳಿ ಹಳೆಯ ಮುಖಗಳು. ಕೂದಲು ನರೆತಿದೆ, ಬೆನ್ನು ಬಾಗಿದೆ, ಗುರುತು ಹಿಡಿಯಲು ಎಲ್ಲರಿಗೂ ಸ್ವಲ್ಪ ಹೊತ್ತು ಬೇಕು. ಸಿಳ್ಳೆಯಕ್ಕನಿಗೆ ಬೇಕಾಗಲಿಲ್ಲ. ನಗುವಾಗ ಎಡಗಡೆ ಬೋಳಾದವರೆಲ್ಲ ತನ್ನ ಸಾಲಿನವರು, ಬಲಗಡೆ ಬೋಳಾದವರೆಲ್ಲ ಎದುರು ಸಾಲಿನವರು. ಅವರಿಗೆ ಮೇಸ್ತ್ರಿಯ ಓಣಿ ಎಡಕ್ಕಿತ್ತು. ಬ್ರಶ್ಶಿಗೆ ಗೊತ್ತಿಲ್ಲದ್ದನ್ನು ಬಾಯಿಗಳು ನೆನಪಿಟ್ಟುಕೊಂಡಿದ್ದವು. ಕಾರ್ಯದರ್ಶಿ ನಡುವೆ ನಿಂತು ಯಾರ ಮೇಲೋ ಕೂಗುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ಹೆಚ್ಚಿನವರಿಗೆ ಕೇಳಿಸುತ್ತಲೂ ಇರಲಿಲ್ಲ.

ಆಗ ಜನರ ತಲೆಗಳ ಮೇಲೆ ಒಂದು ಕೈ ಎದ್ದಿತು. ಮುಖ ಕಾಣಲಿಲ್ಲ, ಕೈ ಮಾತ್ರ. ಕಾಗದ ಬಿಚ್ಚಿದ ಪೆಪ್ಪರ್‌ಮಿಂಟು ಗಾಳಿಯಲ್ಲಿ ಬಂತು. ಸಿಳ್ಳೆಯಕ್ಕನ ಕೈ ತಾನಾಗಿಯೇ ಹಿಡಿಯಿತು.

ಜನರನ್ನು ಸರಿಸಿಕೊಂಡು ಕುಳ್ಳಿ ಎದುರು ಬಂದು ನಿಂತಳು. ಬಲಗೆನ್ನೆ ಉಬ್ಬಿತ್ತು, ಕಣ್ಣು ಕಾಯುತ್ತಿತ್ತು. ಬೇಡ ಅನ್ನುವ ಹಾಗಿಲ್ಲ. ಇಟ್ಟುಕೊಂಡರೆ ಹಲ್ಲು ಹೋಗುತ್ತದೆ. ಸಿಳ್ಳೆಯಕ್ಕ ಮಿಠಾಯಿಯನ್ನು ಬಾಯಿಗೆ ಹಾಕಿ, ಬಲಗಡೆಯ ಗಟ್ಟಿ ದವಡೆಯಲ್ಲಿ ಕಟಕಟ ಕಡಿದು ನುಂಗಿದಳು.

ಕುಳ್ಳಿಯ ಬಾಯಿ ತೆರೆದೇ ಉಳಿಯಿತು. "ಕಡಿದ್ಯಾ? ಥೂ ನಿನ್ನ! ಇಷ್ಟು ವರ್ಷ ಆದ್ಮೇಲೆ ದುರಾಸೆ ಬಂತೇನೇ ನಿಂಗೆ?"

"ಬಾಯಿ ಮುಚ್ಕೊಂಡು ನಡಿ, ಹೇಳ್ತೀನಿ."

ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ವಿಭಾಗದಲ್ಲಿ ಯಂತ್ರಗಳಿರಲಿಲ್ಲ; ನೆಲದಲ್ಲಿ ಅವುಗಳ ಕಾಲು ಊರಿದ ಗುರುತು ಮಾತ್ರ. ಗೋಡೆಯ ಮೇಲೆ ಹಿತ್ತಾಳೆ ನಲ್ಲಿ ಇನ್ನೂ ಇತ್ತು. ಸಿಳ್ಳೆಯಕ್ಕ ತಿರುವಿದಳು. ಒಂದು ಜೇಡ ಹೊರಬಂದು, ಯಾರಪ್ಪ ಇವರು ಎಂಬಂತೆ ನೋಡಿ, ಗೋಡೆ ಹತ್ತಿ ಹೋಯಿತು. ಅವಳು ಚೀಲದಿಂದ ಬಾಟಲಿ ತೆಗೆದು ಬಾಯಿ ಮುಕ್ಕಳಿಸಿ ಗಿರಣಿಯ ನೆಲಕ್ಕೇ ಉಗಿದಳು, ಮತ್ತೊಂದು ಗುಟುಕು ಕುಡಿದಳು. ಎಡ, ಬಲ, ಓಣಿ, ಹುಳಿ, ವಿರಾಮ ಎಲ್ಲವನ್ನೂ ಉಸಿರು ಬಿಡದೆ ಹೇಳಿದಳು. ಕುಳ್ಳಿ ತನ್ನ ಬಲಗಡೆಯ ಅರ್ಧ ಬೋಳಾದ ವಸಡನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು.

"ನೀರಿಗಾಗಿ ಅಷ್ಟು ದಿನ ಗೇಟಲ್ಲಿ ಕೂತ್ವಿ," ಎಂದಳು ಸಿಳ್ಳೆಯಕ್ಕ, "ನೀರು ಬಂದ ಮೇಲೆ ಕುಡೀಲೇ ಇಲ್ಲ ನೋಡು ನಾವು. ಮೂದೇವಿಗಳು."

ಒದ್ದೆಯಾದ ತುಟಿಯನ್ನು ಬಿಗಿದು, ನಾಲಿಗೆ ಮಡಚಿ ಕಚ್ಚುಹಲ್ಲಿನ ಹಿಂದಕ್ಕೆ ಒತ್ತಿ ಊದಿದಳು. ಶುರುವಿಗೆ ಫುಸ್ ಎಂದದ್ದು ನಡುವೆ ಹಿಡಿಯಿತು. ಮೊದಲಿಗಿಂತ ಸ್ವಲ್ಪ ಸಣ್ಣಗೆ, ಆದರೆ ಅದೇ. ಖಾಲಿ ಗೋಡೆಗಳಿಗೆ ಬಡಿದು ಕಿಟಕಿಯ ಒಡೆದ ಗಾಜಿನಿಂದ ಹೊರಗೆ ಹೋಯಿತು. ಬೀದಿಯಲ್ಲೊಂದು ನಾಯಿ ಬೊಗಳಿತು. ಗೇಟಿನ ಗಲಾಟೆ ನಿಂತಿತು. ಯಾರಿಗೋ ಕೂಗುತ್ತಿದ್ದ ಕಾರ್ಯದರ್ಶಿ ಮಾತು ಅರ್ಧಕ್ಕೆ ಬಿಟ್ಟು ಈಚೆ ತಿರುಗಿದ, ಕೋಲು ಎತ್ತಿ ಎಲ್ಲರಿಗೂ ದಾರಿ ತೋರಿಸಿದ. ಮುದುಕಮುದುಕಿಯರು ಒಬ್ಬರನ್ನೊಬ್ಬರು ನೂಕಿಕೊಂಡು ಒಳಗೆ ಬರತೊಡಗಿದರು, ಬಂದು ಬಂದು ತಮ್ಮ ತಮ್ಮ ಯಂತ್ರದ ಗುರುತಿನ ಪಕ್ಕದಲ್ಲೇ ನಿಂತರು.

ಕುಳ್ಳಿ ತನ್ನ ಜಾಗಕ್ಕೆ, ಎದುರಿಗೆ ಹೋಗಿ ನಿಂತಳು. ಕೆನ್ನೆಯಲ್ಲಿದ್ದದ್ದನ್ನು ಎಡಕ್ಕೆ ಹೊರಳಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಕಟಕಟ ಕಡಿದಳು. ಆಮೇಲೆ ಕೈ ಎತ್ತಿದಳು.

"ಎಸಿಯೇ ಆ ಬಾಟ್ಲಿನ, ದುರಾಸೆಯೋಳೇ."